ಕರೆಂಟು ಹೋದರೂ ಆರದ ಅಯಸ್ಕಾಂತ

ಊರಿನಿಂದ ಬಂದ ಉಮ್ಮನಿಗೋ ಬಾಪನಿಗೋ ಡಾಕ್ಟರು ಎಂಆರ್‌ಐ ಬರೆದುಕೊಟ್ಟರೆ, ವಸಂತಪುರದಲ್ಲಿ ನೆಲೆಸಿದ ನಮ್ಮವರು ಮೊದಲು ಕೇಳುವುದು, "ಅದರಲ್ಲಿ ರೇಡಿಯೇಷನ್ ಇದೆಯಂತಲ್ಲ?" ಎಂದು. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ಗೆ ಬಳಸುವ ಕಿರಣ ಎಂಆರ್‌ಐಯಲ್ಲಿ ಇಲ್ಲ. ನಾವು ಎಚ್ಚರ ವಹಿಸಬೇಕಾದ್ದು ಬೇರೆಯದಕ್ಕೆ.

ಅಲ್ಲಿ ಕೆಲಸ ಮಾಡುವುದು ಅಯಸ್ಕಾಂತ ಮತ್ತು ರೇಡಿಯೋ ಅಲೆ. ನಮ್ಮ ದೇಹದ ಹೆಚ್ಚಿನ ಪಾಲು ನೀರು. ಆ ನೀರಿನ ಹೈಡ್ರೋಜನ್‌ನೊಳಗಿನ ಪ್ರೋಟಾನ್ ಒಂದು ಪುಟ್ಟ ಅಯಸ್ಕಾಂತದಂತೆ. ಮಕ್ಕಳ ಬುಗುರಿ ಓರೆಯಾದಾಗ ತಿರುಗುತ್ತಲೇ ತಲೆಯನ್ನೂ ಸುತ್ತಿಸುತ್ತದಲ್ಲ, ಯಂತ್ರದೊಳಗೆ ಪ್ರೋಟಾನ್ ಕೂಡ ಹಾಗೆಯೇ. 1.5 ಟೆಸ್ಲಾ ಯಂತ್ರದಲ್ಲಿ ಸೆಕೆಂಡಿಗೆ ಸುಮಾರು 6.4 ಕೋಟಿ ಸುತ್ತು! ಅದೇ ವೇಗದ ರೇಡಿಯೋ ಅಲೆ ತಾಗಿಸಿ ನಿಲ್ಲಿಸಿದರೆ ಪ್ರೋಟಾನ್‌ಗಳು ಮರುದನಿ ಕೊಡುತ್ತವೆ. ಅದರಿಂದಲೇ ಚಿತ್ರ ಮೂಡುತ್ತದೆ.

ಈ ವಿದ್ಯೆಯಲ್ಲಿ ಬೆಂಗಳೂರಿನ ಪಾಲೂ ಇದೆ. ಹರಿಯುವ ದ್ರವದ ಮರುದನಿ ನಿಂತ ದ್ರವದ್ದಕ್ಕಿಂತ ಬೇರೆ ಎಂದು 1951ರಲ್ಲೇ ತೋರಿಸಿದವರು ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಸೂರ್ಯನ್. ಇಂದು ಎಂಆರ್‌ಐಯಲ್ಲಿ ರಕ್ತದ ಹರಿವು ನೋಡುವುದಕ್ಕೆ ಆ ತಿಳಿವಳಿಕೆಯೂ ಒಂದು ಬುನಾದಿ.

ಇನ್ನು ಎಚ್ಚರದ ಮಾತು. ದೊಡ್ಡ ಆಸ್ಪತ್ರೆಗಳ ಹೆಚ್ಚಿನ ಯಂತ್ರಗಳ ಅಯಸ್ಕಾಂತವೆಂದರೆ, ದ್ರವ ಹೀಲಿಯಂನಿಂದ ಮೈನಸ್ 269 ಡಿಗ್ರಿಗೆ ತಣಿಸಿದ ತಂತಿಯ ಸುರುಳಿ. ಆ ಚಳಿಯಲ್ಲಿ ತಂತಿಗೆ ತಡೆಯೇ ಇಲ್ಲ. ಒಮ್ಮೆ ತುಂಬಿದ ಕರೆಂಟು ಸುತ್ತುತ್ತಲೇ ಇರುತ್ತದೆ. ಅದರ ಶಕ್ತಿ ಕಾಂತಕ್ಷೇತ್ರದಲ್ಲೇ ಶೇಖರವಾಗಿರುತ್ತದೆ. ಮನೆ ಮೀಟರಿನ ಲೆಕ್ಕದಲ್ಲಿ ಅದು ಸುಮಾರು ಒಂದು ಯೂನಿಟ್ಟು ಅಷ್ಟೇ. ಆದರೆ ಸೆಳೆತ? ಭೂಮಿಯ ಕಾಂತಕ್ಷೇತ್ರಕ್ಕಿಂತ 30 ಸಾವಿರ ಪಟ್ಟು ಬಲ. ಸ್ಕ್ಯಾನ್ ಮುಗಿದರೂ, ಕರೆಂಟು ಹೋದರೂ ಅದು ಆರುವುದಿಲ್ಲ.

2018ರ ಜನವರಿಯಲ್ಲಿ ಮುಂಬೈಯ ಆಸ್ಪತ್ರೆಯೊಂದರಲ್ಲಿ ರೋಗಿಯ ಬಂಧುವೊಬ್ಬ ಆಕ್ಸಿಜನ್ ಸಿಲಿಂಡರ್ ಹಿಡಿದು ಆ ಕೋಣೆಗೆ ಹೋದ. ಅಯಸ್ಕಾಂತ ಸಿಲಿಂಡರನ್ನೂ ಅವನನ್ನೂ ಎಳೆದುಕೊಂಡಿತು. ಅವನು ಬದುಕಲಿಲ್ಲ. ಸ್ಕ್ಯಾನ್‌ಗೆ ಬಂದವನಲ್ಲ, ಜೊತೆಗೆ ಬಂದವನು!

ಆದ್ದರಿಂದ ನಾವು ಹೇಳುವುದಿಷ್ಟು. ಹೆಂಗಸರು ಶಾಲಿನ ಪಿನ್ನು, ಬಳೆ, ಕಿವಿಯದ್ದು ತೆಗೆದು ಹೊರಗೇ ಇಡಲಿ. ಲೋಹದ ಕೊಳವೆಯ ತಾಯಿತ, ಬೀಗದಕೈ, ಮೊಬೈಲೂ ಹಾಗೆಯೇ. ಪೇಸ್‌ಮೇಕರ್, ಹಳೆಯ ಆಪರೇಷನ್ನಿನ ಕ್ಲಿಪ್ಪು, ರಾಡು ಇದ್ದರೆ ಕೇಳುವ ಮೊದಲೇ ಹೇಳಿ. ಜೊತೆಗೆ ಹೋದವರು ಸಿಬ್ಬಂದಿ ಹೇಳದೆ ಬಾಗಿಲು ದಾಟಬೇಡಿ. "ಮೆಷಿನ್ ಆಫ್ ಇದೆ" ಎಂದು ಯಾರೇ ಹೇಳಿದರೂ ನಂಬಬೇಡಿ.