ಆಟ ನಿಂತೀತು, ಒಂಟಿತನ?

ಕರ್ನಾಟಕದಲ್ಲಿ ಲಾಟರಿ 2007ರಲ್ಲೇ ನಿಂತಿತು. ಆನ್‌ಲೈನ್ ಜೂಜಿಗೆ ರಾಜ್ಯ 2021ರಲ್ಲಿ ತಂದ ನಿಷೇಧವನ್ನು ಹೈಕೋರ್ಟ್ ಮರುವರ್ಷ ರದ್ದುಪಡಿಸಿತು. 2025ರಲ್ಲಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತೇ ನಿಷೇಧಿಸಿತು. ಈ ಕಾನೂನುಗಳು ಬೇಕು. ಆದರೆ ಅವು ಆಟವನ್ನು ತಡೆಯುತ್ತವೆ, ಆಡುವವರ ಖಾಲಿ ಹೊತ್ತನ್ನು ತುಂಬುವುದಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಯ ಹಳ್ಳಿಗಳಿಂದ ಮಕ್ಕಳು ಬೆಂಗಳೂರು, ಮೈಸೂರಿಗೆ ದುಡಿಯಲು ಹೋದ ಮೇಲೆ, ಗದ್ದೆ ಕೆಲಸಕ್ಕೆ ಮೈ ಒಗ್ಗದ ಹಿರಿಯರಿಗೆ ಮಧ್ಯಾಹ್ನ ಬಲು ಉದ್ದ. ಇಸ್ಪೀಟಿನ ಗುಂಪಿನಲ್ಲಾದರೆ ಯಾರೋ ಹೆಸರು ಹಿಡಿದು ಕೂಗುತ್ತಾರೆ. ಒಂದು ದಿನ ಬಾರದಿದ್ದರೆ ವಿಚಾರಿಸುತ್ತಾರೆ. ಎಷ್ಟೋ ಮಂದಿಯನ್ನು ಅಲ್ಲಿಗೆ ಎಳೆಯುವುದು ದುಡ್ಡಿಗಿಂತ ಆ ವಿಚಾರಣೆಯೇ.

‘ಈ ವಯಸ್ಸಿನಲ್ಲೂ ದುರಾಸೆ’ ಎನ್ನುವವರಿದ್ದಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆ ಜೂಜಿನ ಚಟವನ್ನು ಕಾಯಿಲೆಗಳ ಪಟ್ಟಿಯಲ್ಲೇ ಇಟ್ಟಿದೆ: ಹಾನಿ ಕಣ್ಣೆದುರಿಗಿದ್ದರೂ ನಿಲ್ಲಿಸಲಾಗದಿರುವುದು ಅದರ ಲಕ್ಷಣ. ಒಂಟಿಯಾದವರೆಲ್ಲ ಜೂಜಾಡುವುದಿಲ್ಲ, ಒಪ್ಪೋಣ. ಆದರೆ ಸೋಲನ್ನು ಮನೆಯವರಿಂದ ಮುಚ್ಚಿಡುವವರು ಮತ್ತಷ್ಟು ಒಂಟಿಯಾಗುತ್ತಾರೆ. ಯುವಕ ಸೋತರೆ ದುಡಿದು ತುಂಬಿಸಿಯಾನು. ಪಿಂಚಣಿ, ಒಡವೆ ಕಳೆದುಕೊಂಡ ಅಜ್ಜ ಅಜ್ಜಿಯರಿಗೆ ಅಷ್ಟು ಕಾಲ ಉಳಿದಿರುವುದಿಲ್ಲ. ಅದಕ್ಕೇ ಲೆಕ್ಕ ಕೇಳುವ ಮೊದಲು ಜೊತೆಗೆ ಕೂತು ಮಾತಾಡಬೇಕು. ಹಿರಿಯರ ಸಹಾಯವಾಣಿ 14567, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416. ಎರಡಕ್ಕೂ ಕರೆ ಉಚಿತ.