ಹಾಜರಿ ಸಂಖ್ಯೆ 43

ಮುಂಜಾನೆ ಒಂಬತ್ತೂವರೆಗೆ ಚಿಕ್ಕೋಡಿ ಸೀಮೆಯ ಕರೋಶಿಯ ರಸ್ತೆಯ ಮೇಲೆ ನಿಂತರೆ ಶಾಲೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿಲ್ಲ. ಕಬ್ಬಿನ ಪಡದ ನಡುವಿನ ಕಾಲುದಾರಿಯಿಂದ ಇಬ್ಬರು, ಆಚೆಯ ತೋಟದಿಂದ ಐವರು, ಬಸ್ಸಿನಿಂದ ಒಂದು ಗುಂಪು, ಹಳೆಯ ಸೈಕಲ್ಲಿನ ಕ್ಯಾರಿಯರ್ ಮೇಲೆ ತಮ್ಮನನ್ನು ಕೂರಿಸಿಕೊಂಡ ಅಕ್ಕ. ಜಿಟಿಜಿಟಿ ಮಳೆ. ತಲೆಯ ಮೇಲೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಬಂದವರು ಗೇಟಿನ ಹತ್ತಿರ ಅದನ್ನು ಜಾಡಿಸಿ, ಮಡಚಿ, ಪಾಟೀಚೀಲದೊಳಗೆ ತುರುಕುತ್ತಾರೆ.

ಚಿಕ್ಕೋಡಿ, ರಾಯಬಾಗ, ಅಥಣಿ ಸೀಮೆಯಲ್ಲಿ ತೋಟ ಎಂದರೆ ಬರೀ ಬೆಳೆಯಲ್ಲ, ಅದೊಂದು ನೆಲೆ. ಹೊಲದಲ್ಲೇ ಮನೆ ಕಟ್ಟಿಕೊಂಡ ಅಣ್ಣತಮ್ಮಂದಿರ ನಾಲ್ಕೈದು ಒಕ್ಕಲು, ಅವರ ಅಡ್ಡಹೆಸರಿನಿಂದಲೇ ಕರೆಯುವ ಜಾಗ. ಅಲ್ಲೊಂದು ಸಣ್ಣ ಸರ್ಕಾರಿ ಶಾಲೆ, ಅದಕ್ಕೂ ಅದೇ ತೋಟದ ಹೆಸರು. ಎರಡು ಖೋಲಿ, ಒಬ್ಬರೋ ಇಬ್ಬರೋ ಗುರುಗಳು, ಬೆರಳೆಣಿಕೆಯ ಮಕ್ಕಳು. ಯಾರ ಮನೆಯಲ್ಲಿ ಎಮ್ಮೆ ಈದಿದೆ, ಯಾರಿಗೆ ರಾತ್ರಿ ಜ್ವರ ಬಂದಿತ್ತು ಎಂಬುದೆಲ್ಲ ಗುರುಗಳಿಗೆ ಗೊತ್ತು. ಹಾಗೆ ಹೆಸರು ಹಿಡಿದು ಕರೆಸಿಕೊಂಡು ಬೆಳೆದ ಮಗು ಎಂಟನೇ ಇಯತ್ತೆಗೆ ಊರಿನ ಪ್ರೌಢಶಾಲೆಗೆ ಬರುತ್ತದೆ. ಹತ್ತು ಕಡೆಯ ಹಳ್ಳ ಒಂದೇ ಕೆರೆಗೆ ಬಂದು ಬೀಳುವ ಹಾಗೆ ಎಲ್ಲ ತೋಟದ ಮಕ್ಕಳೂ ಒಂದೇ ಖೋಲಿಗೆ.

ನಾನು ಒಂದು ದಿನ ಕೂತದ್ದು ಕರೋಶಿ ಸುತ್ತಿನ ಅಂಥದೊಂದು ಖೋಲಿಯಲ್ಲಿ, ಒಂಬತ್ತನೇ ತರಗತಿಯ ಕೊನೆಯ ಡೆಸ್ಕಿನ ಹಿಂದೆ, ಸ್ಟೂಲಿನ ಮೇಲೆ. ಶಾಲೆಯ ಹೆಸರು ಬೇಡ. ಇಂಥ ಶಾಲೆಗಳು ಬಹಳ ಇವೆ, ಇಲ್ಲಿ ದುಡಿಯುವವರ ತಪ್ಪೇನೂ ಇಲ್ಲ. ಮೂರು ಸಾಲು, 23 ಡೆಸ್ಕು, ಒಂದೊಂದರಲ್ಲಿ ಮೂವರು. ಒಟ್ಟು 69.

ಗಣಿತದ ಅಕ್ಕೋರು ಒಳಗೆ ಬಂದರು. ಅರವತ್ತೊಂಬತ್ತು ಮಕ್ಕಳು ಒಮ್ಮೆಲೇ ಎದ್ದಾಗ ಡೆಸ್ಕುಗಳು ನೆಲಕ್ಕೆ ತೀಡಿ ಸದ್ದಾಯಿತು, ಕೂತಾಗ ಮತ್ತೊಮ್ಮೆ. ಹಾಜರಿ ಪುಸ್ತಕ ತೆಗೆದರು. ಹೆಸರು ಹಿಡಿದು ಕರೆದರೆ ಒಬ್ಬರಿಗೆ ನಾಲ್ಕು ಸೆಕೆಂಡಾದರೂ ಬೇಕು, ಅಲ್ಲಿಗೆ ನಾಲ್ಕೂವರೆ ನಿಮಿಷ ಹೋಯಿತು. ಇರುವುದು ನಲವತ್ತು ನಿಮಿಷದ ಪಿರಿಯಡ್. ಅದಕ್ಕೇ ಅವರು ಹೆಸರು ಬಿಟ್ಟು ಸಂಖ್ಯೆ ಹಿಡಿದಿದ್ದಾರೆ. ಒಂದು, ಎರಡು, ಮೂರು ಎಂದು ಅವರು ಹೇಳಿದ ಹಾಗೆ ಖೋಲಿಯ ಬೇರೆ ಬೇರೆ ಮೂಲೆಯಿಂದ “ಎಸ್ ಅಕ್ಕೋರ”, “ಎಸ್ ಅಕ್ಕೋರ” ಎಂಬ ಉತ್ತರ. ಎರಡು ನಿಮಿಷ ಉಳಿಯಿತು. ನಲವತ್ಮೂರು ಅಂದಾಗ ನನ್ನ ಮುಂದಿನ ಡೆಸ್ಕಿನಿಂದ ಬಹಳ ಸಣ್ಣ ದನಿ ಬಂತು. ಅಕ್ಕೋರು ತಲೆ ಎತ್ತಿ ಮತ್ತೊಮ್ಮೆ “ನಲವತ್ಮೂರು?” ಅಂದರು. ಪಕ್ಕದವಳು “ಬಂದಾಳ್ರಿ” ಎಂದು ಕೂಗಿದಳು.

ಮೂವರ ಡೆಸ್ಕಿನಲ್ಲಿ ನಡುವೆ ಕೂತವರ ಕಷ್ಟ ಹಿಂದೆ ಕೂತು ನೋಡಿದರೆ ತಿಳಿಯುತ್ತದೆ. ಬಲಗೈ ಚಾಚಿದರೆ ಬಲಗಡೆಯವಳ ಎಡಗೈಗೆ ತಾಗುತ್ತದೆ. ಹಾಗಾಗಿ 43 ತನ್ನ ವಹಿಯನ್ನು ನೇರ ಇಡದೆ ಓರೆ ಮಾಡಿ, ಮೊಳಕೈ ಪಕ್ಕೆಗೆ ಒತ್ತಿ ಹಿಡಿದು ಬರೆಯುತ್ತಾಳೆ. ಸಾಲುಗಳು ಬಲಕ್ಕೆ ಹೋಗುತ್ತ ಮೇಲಕ್ಕೆ ಏರುತ್ತವೆ. ಅಕ್ಷರ ಚೆಂದ ಬರೆಯಬಲ್ಲ ಹುಡುಗಿ. ಪುಟದ ಎಡಭಾಗದ ಅಕ್ಷರಗಳೇ ಅದಕ್ಕೆ ಸಾಕ್ಷಿ. ಕಿಟಕಿಯ ಬೆಳಕು ಬೋರ್ಡಿನ ಬಲಮೂಲೆಗೆ ಬಿದ್ದು ಅಲ್ಲಿ ಬರೆದದ್ದು ಹಿಂದಿನವರಿಗೆ ಕಾಣುವುದಿಲ್ಲ. “ಅಕ್ಕೋರ, ಕಾಣವಲ್ದ್ರಿ” ಎಂದು ಒಬ್ಬ ಹುಡುಗ ಅಂದ. ಅಕ್ಕೋರು ಸರಿದು ನಿಂತರು. ಆಗ ಎಡಗಡೆಯ ಸಾಲಿಗೆ ಕಾಣದಾಯಿತು.

ಅವತ್ತಿನ ಪಾಠ ಬಹುಪದೋಕ್ತಿಗಳ ಅಪವರ್ತನ. ಎಕ್ಸ್ ವರ್ಗ, ಕೂಡಿಸು 7 ಎಕ್ಸ್, ಕೂಡಿಸು 12. ನಡುವಿನ ಪದವನ್ನು ಒಡೆಯಬೇಕು. ಗುಣಿಸಿದರೆ 12, ಕೂಡಿಸಿದರೆ 7 ಬರುವ ಎರಡು ಸಂಖ್ಯೆ ಹುಡುಕಬೇಕು. “ಯಾರು ಹೇಳ್ತೀರಿ?” ಅನ್ನುವ ಮೊದಲೇ ಮುಂದಿನ ಡೆಸ್ಕುಗಳಿಂದ ನಾಲ್ಕು ಕೈ ಮೇಲೆದ್ದವು. ದಿನವೂ ಏಳುವ ಕೈಗಳೇ. “ಮೂರು, ನಾಲ್ಕು!” ಅಷ್ಟರಲ್ಲಿ ಹುಡುಗರ ಸಾಲಿನ ಹಿಂದೆ ಇಬ್ಬರು ಒಬ್ಬರನ್ನೊಬ್ಬರು ತಿವಿಯುತ್ತಿದ್ದರು. ಅಕ್ಕೋರು ಬೋರ್ಡಿನಿಂದಲೇ ಅವರನ್ನು ಹೆಸರು ಹಿಡಿದು ಎಬ್ಬಿಸಿದರು.

ಜಾಣರ ಹೆಸರು ಗೊತ್ತು, ತುಂಟರ ಹೆಸರೂ ಗೊತ್ತು. ನಡುವಿನ ಐವತ್ತು ಮಕ್ಕಳು ಗದ್ದಲ ಮಾಡುವುದಿಲ್ಲ, ಕೈ ಎತ್ತುವುದೂ ಇಲ್ಲ. ದೊಡ್ಡ ತರಗತಿ ಕಳೆದುಕೊಳ್ಳುವುದು ಈ ಮಕ್ಕಳನ್ನು. ಅವರು ಫೇಲಾಗಿ ಸುದ್ದಿಯಾಗುವವರಲ್ಲ. ಯಾರ ಕಣ್ಣಿಗೂ ಬೀಳದೆ ಮೂರು ವರ್ಷ ಕೂತು ಹೋಗುವವರು.

43 ತನ್ನ ವಹಿಯಲ್ಲಿ 6 ಮತ್ತು 2 ಬರೆದಿದ್ದಳು. ಗುಣಿಸಿದರೆ 12 ಸರಿ. ಕೂಡಿಸಿದರೆ 8. ಅಲ್ಲಿಗೆ ನಿಂತಳು. ರಬ್ಬರಿನಿಂದ ಅಳಿಸಿದಳು, ಮತ್ತೆ ಅದನ್ನೇ ಬರೆದಳು. 12ಕ್ಕೆ ಇನ್ನೊಂದು ಜೋಡಿ ಇದೆ ಎಂದು ಯಾರಾದರೂ ಪಕ್ಕದಲ್ಲಿ ನಿಂತು ಒಂದು ಮಾತು ಅಂದಿದ್ದರೆ ಸಾಕಿತ್ತು. ಮೂರು, ನಾಲ್ಕು ಎಂಬ ಉತ್ತರ ಅವಳ ಕಿವಿಗೂ ಬಿದ್ದಿತ್ತು. ಆದರೆ ತನ್ನ 6 ಮತ್ತು 2 ಏಕೆ ತಪ್ಪು ಎಂಬುದು ಬಗೆಹರಿಯದೆ ಅವಳ ಕೈ ಮುಂದೆ ಹೋಗಲಿಲ್ಲ. ಇದು ದಡ್ಡತನವಲ್ಲ, ಕಲಿಯಬೇಕೆನ್ನುವ ಮನಸ್ಸು. ಅಕ್ಕೋರು ಬೋರ್ಡು ಒರೆಸಿ ಎರಡನೇ ಲೆಕ್ಕ ಬರೆದರು. ಹಾಜರಿ, ಗದ್ದಲ ಕಳೆದು ಉಳಿದ ಮೂವತ್ತೈದು ನಿಮಿಷವನ್ನು 69 ಮಕ್ಕಳಿಗೆ ಹಂಚಿದರೆ ಒಬ್ಬರಿಗೆ ಅರ್ಧ ನಿಮಿಷ. ಆ ಹುಡುಗಿಯ ಪಾಲಿನ ಅರ್ಧ ನಿಮಿಷ ಅವತ್ತು ಬರಲಿಲ್ಲ.

ಮುಂದಿನದು ವಿಜ್ಞಾನ. ಈರುಳ್ಳಿಯ ಪೊರೆ, ಒಂದು ಸೂಕ್ಷ್ಮದರ್ಶಕ. ಸಾಲು ಹಚ್ಚಿ ಬಂದ ಮಕ್ಕಳು ಒಂದು ಕಣ್ಣು ಮುಚ್ಚಿ ಬಗ್ಗುವಷ್ಟರಲ್ಲಿ ಹಿಂದಿನವರು “ಆತಿಲ್ಲೇ, ಸರೀಲೇ” ಅನ್ನುತ್ತಿದ್ದರು. ಗಂಟೆ ಹೊಡೆದಾಗ ಇನ್ನೂ ಇಪ್ಪತ್ತು ಮಕ್ಕಳು ಸಾಲಿನಲ್ಲಿದ್ದರು. ಅವರು ಪುಸ್ತಕದ ಚಿತ್ರ ನೋಡಿ ಬರೆದುಕೊಂಡರು.

ಊಟದ ಬಿಡುವಿನಲ್ಲಿ ಮಳೆ ಜೋರಾಯಿತು. ಅಕ್ಷರ ದಾಸೋಹದ ತಟ್ಟೆ ಹಿಡಿದು ಮಕ್ಕಳು ಪಡಸಾಲೆ ತುಂಬ ಕಾಲು ಮಡಚಿ ಕೂತರು. ಶಿಕ್ಷಕರ ಖೋಲಿಯಲ್ಲಿ ಗಣಿತದ ಅಕ್ಕೋರು ಬಿಸಿನೀರಿಗೆ ಚಿಟಿಕೆ ಉಪ್ಪು ಹಾಕಿ ಗಂಟಲು ಮುಕ್ಕಳಿಸುತ್ತಿದ್ದರು. ಮಳೆಗಾಲದಲ್ಲಿ ತಗಡಿನ ಸದ್ದಿನ ಮೇಲೆ ದನಿ ಏರಿಸಿ ಏರಿಸಿ, ಸಂಜೆಗೆ ಮನೆಯಲ್ಲಿ ಮಗನ ಜೊತೆ ಮಾತಾಡಲೂ ದನಿ ಇರುವುದಿಲ್ಲವಂತೆ. ಎಂಟು, ಒಂಬತ್ತು, ಹತ್ತು, ಮೂರೂ ತರಗತಿಯ ಗಣಿತ ಅವರದೇ. ಸುಮಾರು 200 ವಹಿ. ಒಂದಕ್ಕೆ ಎರಡೇ ನಿಮಿಷ ಹಿಡಿದರೂ ಆರು ತಾಸು ನಲವತ್ತು ನಿಮಿಷ. “ಟಿಕ್ ಹಾಕಿ ಸಹಿ ಮಾಡಿದ್ರ ಮುಗೀತದ ಸರ್. ಆದ್ರ ಅದು ತಿದ್ದಿದಂಗ ಅಲ್ಲ. ತಪ್ಪು ಎಲ್ಲಿ ಆತು ಅಂತ ಬರೀಬೇಕು. ಬರಿಯಾಕ ಹೊತ್ತಿಲ್ಲ.” ವರ್ಷಕ್ಕೆ ನಾಲ್ಕು ರೂಪಣಾತ್ಮಕ ಮೌಲ್ಯಮಾಪನ, ಎರಡು ಸಂಕಲನಾತ್ಮಕ. ಪ್ರತಿ ಮಗುವನ್ನೂ ನಿರಂತರ ಗಮನಿಸಿ ಅಂಕ ಕೊಡಬೇಕೆಂಬ ಒಳ್ಳೆಯ ಆಶಯದಿಂದ ಬಂದ ಪದ್ಧತಿ. 200 ಮಕ್ಕಳಾದಾಗ ಗಮನಿಸುವುದು ಹಿಂದೆ ಬಿದ್ದು, ಅಂಕ ತುಂಬುವುದು ಮುಂದೆ ಬರುತ್ತದೆ.

ಕಾಗದದಲ್ಲಿ ಇದು ಕಾಣುವುದೇ ಇಲ್ಲ, ಅದನ್ನು ಬಿಡಿಸಿ ಹೇಳಬೇಕು. ಮೂರು ತರಗತಿ, 200 ಮಕ್ಕಳು, ಏಳು ಶಿಕ್ಷಕರು ಇರುವ ಶಾಲೆಯೊಂದನ್ನು ತೆಗೆದುಕೊಳ್ಳಿ. ಭಾಗಿಸಿದರೆ ಒಬ್ಬ ಶಿಕ್ಷಕರಿಗೆ 28 ಚಿಲ್ಲರೆ ಮಕ್ಕಳು. ಮೂವತ್ತಕ್ಕೆ ಒಬ್ಬರು ಇರಬೇಕು ಎನ್ನುತ್ತದೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ. ಆ ಲೆಕ್ಕ ಇಲ್ಲಿ ಸರಿಹೋಯಿತು. ಆದರೆ ಪ್ರೌಢಶಾಲೆಯಲ್ಲಿ ಶಿಕ್ಷಕರು ವಿಷಯಕ್ಕೊಬ್ಬರು. ಏಳು ಜನರೂ ಒಟ್ಟಿಗೆ ಮಕ್ಕಳನ್ನು ಹಂಚಿಕೊಂಡು ಕೂರುವುದಿಲ್ಲ. ಗಣಿತದವರು ಖೋಲಿಗೆ ಹೋದರೆ ಎದುರಿಗೆ ಇರುವುದು 67 ಮಕ್ಕಳು. ಕಚೇರಿಯ 28, ಖೋಲಿಯ 67, ಎರಡೂ ಒಂದೇ ಶಾಲೆಯ ಸಂಖ್ಯೆಗಳು. ಸರಾಸರಿಯದೂ ಇದೇ ಕಥೆ. 20 ಮಕ್ಕಳ ಒಂದು ತರಗತಿ, 80ರ ಒಂದು ತರಗತಿ ಇದ್ದರೆ ಸರಾಸರಿ 50. ಆದರೆ ಆ ನೂರು ಮಕ್ಕಳನ್ನು ಕೇಳಿ ನೋಡಿ, 80 ಮಕ್ಕಳು ಇಕ್ಕಟ್ಟಿನ ಖೋಲಿಯಲ್ಲೇ ಇದ್ದೇವೆ ಅನ್ನುತ್ತಾರೆ.

ಕಾನೂನಿನಲ್ಲೂ ಒಂದು ಬಿರುಕಿದೆ. ಶಿಕ್ಷಣ ಹಕ್ಕು ಕಾಯ್ದೆ 2009ರದು. ಆರರಿಂದ ಎಂಟನೇ ತರಗತಿಯವರೆಗೆ 35 ಮಕ್ಕಳಿಗೆ ಒಬ್ಬ ಶಿಕ್ಷಕರು ಎಂದು ಅದು ಹೇಳುತ್ತದೆ. ಒಂಬತ್ತಕ್ಕೆ ಕಾಲಿಟ್ಟ ಮಗು ಅದರ ನೆರಳಿನಿಂದ ಹೊರಗೆ. ಮಕ್ಕಳ ಸಂಖ್ಯೆ ಎಷ್ಟಿದ್ದರೆ ಚೆನ್ನ ಎಂಬುದು ಸರ್ಕಾರಕ್ಕೆ ತಿಳಿಯದ್ದಲ್ಲ. 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಆರಂಭಿಸಿದಾಗ ತರಗತಿಗೆ 30 ಮಕ್ಕಳು ಎಂದು ಮಿತಿ ಹಾಕಿದ್ದು ಇದೇ ಸರ್ಕಾರಿ ವ್ಯವಸ್ಥೆ. ಅಮೆರಿಕದ ಟೆನೆಸಿ ರಾಜ್ಯದಲ್ಲಿ 1985ರಿಂದ ನಾಲ್ಕು ವರ್ಷ ಸಣ್ಣ ಮಕ್ಕಳ ಮೇಲೆ ದೊಡ್ಡ ಪ್ರಯೋಗ ನಡೆಯಿತು. 13ರಿಂದ 17 ಮಕ್ಕಳ ತರಗತಿಗಳನ್ನು 22ರಿಂದ 25ರ ತರಗತಿಗಳ ಜೊತೆ ಹೋಲಿಸಿದರು. ಸಣ್ಣ ತರಗತಿಯ ಮಕ್ಕಳು ಹೆಚ್ಚು ಕಲಿತರು. ಅಲ್ಲಿನ ದೊಡ್ಡ ತರಗತಿ ಇಲ್ಲಿನ ಡೆಸ್ಕುಗಳ ಒಂದು ಸಾಲು.

ಖೋಲಿ ತುಂಬಿದ್ದು ಮಾತ್ರ ಕೆಟ್ಟ ಸುದ್ದಿಯಲ್ಲ, ಇದನ್ನು ಒತ್ತಿ ಹೇಳುತ್ತೇನೆ. ನಮ್ಮ ತಾಯಂದಿರ ಕಾಲದಲ್ಲಿ ತೋಟದ ಹುಡುಗಿಗೆ ಏಳನೆಯದು ಮುಗಿಯಿತೆಂದರೆ ಕಳೆ ಕೀಳುವ ಕುರ್ಪಿ, ನಿಪ್ಪಾಣಿ ಕಡೆಗಾದರೆ ಬೀಡಿ ಸುತ್ತುವ ಮೊರ, ಇಲ್ಲವೇ ಮದುವೆ. 2006-07ರಲ್ಲಿ ಎಂಟನೇ ತರಗತಿಗೆ ಸೈಕಲ್ ಬಂತು. ಪ್ರೌಢಶಾಲೆಗೂ ಬಿಸಿಯೂಟ ಬಂತು. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಉಚಿತವಾಯಿತು. ಹುಡುಗಿಯರು ಬಂದರು, ಬಂದವರು ಉಳಿದರು. ಕೊರೊನಾ ನಂತರ ಖಾಸಗಿ ಶಾಲೆಯ ಫೀ ಕಟ್ಟಲಾಗದ ಮನೆಗಳ ಮಕ್ಕಳೂ ಸೇರಿಕೊಂಡರು. ಕರೆದದ್ದು ನಾವೇ. ಕರೆದ ಮೇಲೆ ಎಲೆ ಹಾಕಬೇಕಲ್ಲ? ಖೋಲಿಗಳು ಅಷ್ಟೇ ಉಳಿದವು, ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರು ಬಂದರು. ಅವರ ತಿಂಗಳ ಗೌರವಧನ 10,500 ರೂಪಾಯಿ ಇತ್ತು, 2025-26ರ ಬಜೆಟ್ ಅದಕ್ಕೆ 2,000 ಸೇರಿಸಿತು. ಶಾಲೆ ತೆರೆದರೂ ಅವರ ನೇಮಕ ಮುಗಿಯುವ ತನಕ ಪಕ್ಕದ ಖೋಲಿಯ ಮಕ್ಕಳನ್ನೂ ಇದೇ ಖೋಲಿಗೆ ಕರೆದು ಕೂರಿಸುವುದುಂಟು.

ಚಿಕ್ಕೋಡಿ ಇನ್ನೂ ಕಂದಾಯ ಜಿಲ್ಲೆಯಾಗಿಲ್ಲ, ಆದರೆ ಶಾಲೆಯ ಲೆಕ್ಕದಲ್ಲಿ ಅದೊಂದು ಜಿಲ್ಲೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಅದರ ಸ್ಥಾನ ಎಷ್ಟೆಂದು ಎಲ್ಲರೂ ಕೇಳುತ್ತಾರೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ ಬಂದಾಗ ರಾಜ್ಯದ ಫಲಿತಾಂಶ ಹಿಂದಿನ ವರ್ಷದ 83.89ರಿಂದ ಶೇಕಡಾ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಅಂದಿನಿಂದ ಒತ್ತಡ ಇನ್ನೂ ಬಿಗಿಯಾಗಿದೆ. ಎಷ್ಟೋ ಶಾಲೆಗಳಲ್ಲಿ ಚಳಿಗಾಲ ಬಂದ ಕೂಡಲೇ ಹತ್ತನೇ ತರಗತಿಯ ಮಕ್ಕಳನ್ನು ಶಿಕ್ಷಕರಿಗೆ ಹತ್ತು ಹನ್ನೆರಡರಂತೆ ದತ್ತು ಕೊಡುತ್ತಾರೆ. ಮುಂಜಾನೆ ಫೋನ್ ಮಾಡಿ ಎಬ್ಬಿಸುವುದು, ಮನೆಗೆ ಹೋಗಿ ತಂದೆತಾಯಿಯರ ಜೊತೆ ಮಾತಾಡುವುದು. ಮಕ್ಕಳು ಕಣ್ಣಿಗೆ ಕಾಣುವಷ್ಟು ಬದಲಾಗುತ್ತಾರೆ ಎಂದು ಅಕ್ಕೋರು ಹೇಳಿದರು. “ಹನ್ನೆರಡು ಮಂದಿ ಆದ್ರ ಯಾರ್ ಎಲ್ಲಿ ತಪ್ಪಾಕತ್ತಾರ ಗೊತ್ತಾಗತೈತ್ರಿ. ಎಂಟನೆತ್ತಕ್ಕ ಇದು ಆಗಿದ್ರ...” ಮಾತು ಮುಗಿಸಲಿಲ್ಲ, ಗಂಟೆ ಹೊಡೆಯಿತು.

ಸಂಜೆ ನಾಲ್ಕೂವರೆ. ಮಳೆ ನಿಂತಿತ್ತು. ಮಕ್ಕಳು ಕೊಪ್ಪೆ ಹೆಗಲಿಗೆ ಹಾಕಿಕೊಂಡು ಬಂದ ದಾರಿಗಳಲ್ಲೇ ಚೆದುರಿದರು. ಅಕ್ಕೋರು ಮೊದಲ ಸಾಲಿನ 24 ವಹಿಗಳನ್ನು ಕೈಚೀಲಕ್ಕೆ ತುಂಬುತ್ತಿದ್ದರು. ಇವತ್ತು ಒಂದು ಸಾಲು, ನಾಳೆ ಎರಡನೆಯದು, ನಾಡಿದ್ದು ಮೂರನೆಯದು. ಅವರು ಮಾಡಿಕೊಂಡ ದಾರಿ ಅದು.

ಮೂರನೇ ಸಾಲಿನ ಕೊನೆಯ ಡೆಸ್ಕಿನಲ್ಲಿ, ನಡುವೆ ಕೂತ ಹುಡುಗಿ 6 ಮತ್ತು 2ರಲ್ಲೇ ನಿಂತುಬಿಟ್ಟಳು ಎಂದೆ.

“ಯಾರ್ರಿ ಅವಳು? ಎರಡು ಜಡಿ, ಕೆಂಪು ರಿಬ್ಬನ್?”

ಎಲ್ಲ ಹುಡುಗಿಯರದೂ ಎರಡು ಜಡೆ, ಕೆಂಪು ರಿಬ್ಬನ್. ಅವರು ಒಂದು ಗಳಿಗೆ ಕಣ್ಣು ಮುಚ್ಚಿ ಖೋಲಿಯನ್ನು ನೆನಪಿಗೆ ತಂದುಕೊಳ್ಳಲು ನೋಡಿದರು. ಆಮೇಲೆ ಚೀಲ ಕೆಳಗಿಟ್ಟು ಹಾಜರಿ ಪುಸ್ತಕ ತೆಗೆದು, ಬೆರಳನ್ನು ಮೇಲಿನಿಂದ ಇಳಿಸುತ್ತ ಬಂದರು. ನಲವತ್ಮೂರಕ್ಕೆ ಬಂದು ಹೆಸರನ್ನು ಮೆಲ್ಲಗೆ ಓದಿದರು. “ಇಕಿ ಅಕ್ಕಾನೂ ನನ್ನ ಕಡೇನ ಕಲ್ತಾಳ್ರಿ” ಅಂದರು. ದೂರದಲ್ಲಿ ಚಿಕ್ಕೋಡಿ ಬಸ್ಸಿನ ಹಾರ್ನ್ ಕೇಳಿಸಿತು. ಅವರು ಪೆನ್ಸಿಲ್ ತೆಗೆದು ಆ ಹೆಸರಿನ ಪಕ್ಕದ ಖಾಲಿ ಅಂಚಿನಲ್ಲಿ ಸಣ್ಣಗೆ ಬರೆದುಕೊಂಡರು: 6, 2.