ಕಾವಲಿ ಕಾದ ಮೇಲೆ ಮಾಂಸ: ಮನೆಯಲ್ಲೇ ಬಿಸಿ ಬಿಸಿ ಚೀಸ್ ಸ್ಟೇಕ್ ಸ್ಯಾಂಡ್‌ವಿಚ್

ಗಲ್ಫ್‌ನಿಂದ ರಜೆಗೆ ಬಂದ ಗಂಡು ಮಕ್ಕಳನ್ನು ನಮ್ಮ ಮನೆಗಳಲ್ಲಿ ಅಡುಗೆ ಕೋಣೆಗೆ ಬಿಡುವ ರೂಢಿ ಇಲ್ಲ. "ಅಲ್ಲಿ ನೀನೇ ಮಾಡಿ ತಿನ್ನುವುದು ಇದ್ದದ್ದೇ, ಇಲ್ಲಿಯಾದರೂ ಕೂತು ತಿನ್ನು ಮೋನೆ" ಎಂದು ಉಮ್ಮ ಪತ್ತಿರಿಯ ತಟ್ಟೆ ಮುಂದೆ ಇಡುತ್ತಾರೆ. ನಮ್ಮ ತಮ್ಮ ದುಬೈಯ ಒಂದು ಕೆಫೆಟೇರಿಯಾದಲ್ಲಿ ಕಾವಲಿಯ ಮುಂದೆ ನಿಂತು ವರ್ಷಗಳೇ ಕಳೆದವು. ಊರಿನವರಿಗೆಲ್ಲ ಸ್ಯಾಂಡ್‌ವಿಚ್ ಕಟ್ಟಿಕೊಟ್ಟ ಕೈ ಅದು. ಆದರೆ ಆ ಕೈಯಿಂದ ಉಮ್ಮ ಒಂದು ತುಂಡು ತಿಂದದ್ದಿಲ್ಲ.

ಅವನು ಬರುವ ಮೊದಲು ನಾವು ಒಮ್ಮೆ ಕೈಸುಟ್ಟುಕೊಂಡಿದ್ದೆವು. ಚೀಸ್ ನೂಲಿನಂತೆ ಎಳೆಯುವ ಮಾಂಸದ ಸ್ಯಾಂಡ್‌ವಿಚನ್ನು ಮಕ್ಕಳು ಮೊಬೈಲ್‌ನಲ್ಲಿ ನೋಡಿ ಹಠ ಹಿಡಿದರು. ಅದರಲ್ಲಿ ಹೇಳಿದ ಹಾಗೆಯೇ ಮಾಡಿದೆವು. ಅರ್ಧ ಕಿಲೋ ಮಾಂಸ ಬಾಣಲೆಗೆ ಬಿದ್ದದ್ದೇ ತಡ, ನೀರು ಬಿಟ್ಟು ಕೊತಕೊತ ಕುದಿಯತೊಡಗಿತು. ಬಣ್ಣ ಬೂದಿ, ಜಗಿದರೆ ರಬ್ಬರು, ಮೇಲೆ ಹಾಕಿದ ಚೀಸ್ ಎಣ್ಣೆ ಬಿಟ್ಟು ಗಂಟು ಗಂಟು. ಮಕ್ಕಳು ಬನ್ ಮಾತ್ರ ತಿಂದು ಎದ್ದರು. ಇದನ್ನು ಕೇಳಿ ತಮ್ಮ ನಕ್ಕ. "ನೀವು ಮಾಂಸ ಹುರಿದದ್ದಲ್ಲ, ಬೇಯಿಸಿದ್ದು. ಮತ್ತೆ ಅವರ ಮಾಂಸ ಬೇರೆ, ನಮ್ಮ ಮಾಂಸ ಬೇರೆ" ಎಂದ. ಈ ಎರಡು ಮಾತಿನಲ್ಲೇ ಎಲ್ಲ ಇದೆ. ಅವನಿಂದ ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಎಲ್ಲಿಯ ತಿಂಡಿ ಇದು?

ಗಲ್ಫ್‌ನ ಹೋಟೆಲುಗಳಲ್ಲಿ 'ಫಿಲ್ಲಿ ಸ್ಟೇಕ್' ಎಂದು ಬರೆದಿರುವುದನ್ನು ಹಲವರು ನೋಡಿರಬಹುದು. ಫಿಲ್ಲಿ ಎಂದರೆ ಅಮೆರಿಕದ ಫಿಲಡೆಲ್ಫಿಯಾ ನಗರ. ಅಲ್ಲಿನ ದಕ್ಷಿಣ ಭಾಗದಲ್ಲಿ ಇಟಲಿಯಿಂದ ವಲಸೆ ಬಂದವರ ಮಾರುಕಟ್ಟೆಯಲ್ಲಿ ಪ್ಯಾಟ್ ಒಲಿವಿಯೆರಿ ಎಂಬವರು ಸಣ್ಣದೊಂದು ಗಾಡಿಯಲ್ಲಿ ಹಾಟ್‌ಡಾಗ್ ಮಾರುತ್ತಿದ್ದರು. 1930ರಲ್ಲಿ ಒಂದು ದಿನ ತನ್ನ ಊಟಕ್ಕೆಂದು ಕಸಾಯಿ ಅಂಗಡಿಯಿಂದ ತಂದ ದನದ ಮಾಂಸವನ್ನು ನೀರುಳ್ಳಿ ಜೊತೆ ಹುರಿದು ಉದ್ದ ಬನ್ನಿನೊಳಗೆ ತುಂಬಿಸಿಕೊಂಡರಂತೆ. ಪರಿಮಳಕ್ಕೆ ನಿಂತ ಟ್ಯಾಕ್ಸಿ ಚಾಲಕನೊಬ್ಬ ತನಗೂ ಒಂದು ಬೇಕೆಂದ ಎಂಬುದು ಆ ಊರಿನವರು ಇಂದಿಗೂ ಹೇಳುವ ಕತೆ. ಆಗ ಇದರಲ್ಲಿ ಚೀಸ್ ಇರಲೇ ಇಲ್ಲ. ಅದು ಸೇರಿದ್ದು ವರ್ಷಗಳ ನಂತರ. ಆ ಅಂಗಡಿ ಈಗಲೂ ಇದೆ. 1966ರಲ್ಲಿ ಎದುರಿಗೇ ಜೀನೋಸ್ ಎಂಬ ಇನ್ನೊಂದು ಅಂಗಡಿ ಬಂತು. ಯಾರದ್ದು ರುಚಿ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ. ಮುಸ್ಲಿಮರು ದೊಡ್ಡ ಸಂಖ್ಯೆಯಲ್ಲಿರುವ ಆ ನಗರದಲ್ಲಿ ಇಂದು ಹಲಾಲ್ ಚೀಸ್ ಸ್ಟೇಕ್ ಅಂಗಡಿಗಳೂ ಇವೆ.

ಅಂದರೆ ಇದು ದೊಡ್ಡವರ ಮೇಜಿನ ಸ್ಟೇಕ್ ಅಲ್ಲ. ಬೀದಿ ಬದಿಯಲ್ಲಿ, ದುಡಿಯುವವರು ನಿಂತಲ್ಲೇ ತಿಂದು ಹೋಗುತ್ತಿದ್ದ ತಿಂಡಿ. ಹಾಗಾಗಿ ಹೆದರಬೇಕಾದ್ದೇನೂ ಇಲ್ಲ.

ನಮ್ಮ ಮಾಂಸ ಬೇರೆ

ಅಮೆರಿಕದವರು ಇದಕ್ಕೆ ಬಳಸುವುದು ಎಳೆಯ ಹೋರಿಯ ಪಕ್ಕೆಲುಬಿನ ಭಾಗದ ಮೆದು ಮಾಂಸ. ನಮ್ಮಲ್ಲಿ 2020ರ ಜಾನುವಾರು ಹತ್ಯೆ ತಡೆ ಕಾಯ್ದೆ ಬಂದ ಮೇಲೆ ಕರ್ನಾಟಕದಲ್ಲಿ ದನ, ಎತ್ತು, ಹೋರಿ, ಕರು ಯಾವುದಕ್ಕೂ ಅವಕಾಶವಿಲ್ಲ. 13 ವರ್ಷ ದಾಟಿದ ಕೋಣ-ಎಮ್ಮೆಗೆ ಮಾತ್ರ, ಅದೂ ಅಧಿಕಾರಿಯ ಪ್ರಮಾಣಪತ್ರ ಇದ್ದರೆ ಅನುಮತಿ. ವಯಸ್ಸಾದ ಪ್ರಾಣಿಯ ಮಾಂಸ ಗಟ್ಟಿ. ಸಾರಿಗಾದರೆ ಕುಕ್ಕರ್ ಇದೆ, ಎರಡು ವಿಸಿಲ್ ಹೆಚ್ಚಾದರೆ ಆಯಿತು. ಐದು ನಿಮಿಷದಲ್ಲಿ ಹುರಿಯುವ ತಿಂಡಿಗೆ ಆ ದಾರಿ ಇಲ್ಲ. ಅಲ್ಲಿನ ಅಳತೆ, ಅಲ್ಲಿನ ಸಮಯ ನೋಡಿ ಮಾಡಿದರೆ ನಮಗಾದ ಹಾಗೆಯೇ ಆಗುತ್ತದೆ.

ಪರವಾನಿಗೆ ಇರುವ ಅಂಗಡಿಯಿಂದಲೇ ಮಾಂಸ ತನ್ನಿ, ಬಿಲ್ ಕೇಳಿ ಪಡೆಯಿರಿ. ಈಗಿನ ಕಾಲದಲ್ಲಿ ಆ ಚೀಟಿ ಚೀಲದಲ್ಲಿರುವುದು ಒಳ್ಳೆಯದು. ಎಲುಬಿಲ್ಲದ 'ಅಂಡರ್‌ಕಟ್' ಎಂದು ಹೇಳಿದರೆ ಅಂಗಡಿಯವರಿಗೆ ಗೊತ್ತಾಗುತ್ತದೆ. ಬೆನ್ನೆಲುಬಿನ ಕೆಳಗಿನ ಆ ಭಾಗ ಹೆಚ್ಚು ದುಡಿಯದ್ದರಿಂದ ಎಲ್ಲದಕ್ಕಿಂತ ಮೆದು. ಕಾಲಿನ ಮಾಂಸ ಇದಕ್ಕೆ ಬೇಡ, ಅದು ಸಾರಿಗಿರಲಿ. ಕೋಣದ ಮಾಂಸ ತಿನ್ನದವರು ಎಲುಬಿಲ್ಲದ ಕೋಳಿಯಲ್ಲಿ ಇದನ್ನೇ ಮಾಡಬಹುದು.

ಹೆಚ್ಚುವುದರಲ್ಲೇ ಅರ್ಧ ಕೆಲಸ

ನಾವು ಮಾಂಸವನ್ನು ತುಂಡು ಮಾಡಿ ಮತ್ತೆ ಮತ್ತೆ ತೊಳೆಯುವವರು. ಇಲ್ಲಿ ಕ್ರಮ ತಿರುಗಿಸಿ. ಇಡೀ ತುಂಡನ್ನೇ ತೊಳೆದು, ನೀರು ಬಸಿದು, ಶುದ್ಧ ಬಟ್ಟೆಯಲ್ಲಿ ಒರೆಸಿ. ಮತ್ತೆ ಒಂದು ಗಂಟೆ ಫ್ರೀಜರ್‌ನಲ್ಲಿಡಿ. ಕಲ್ಲಾಗಬಾರದು, ಬಿಗಿಯಾದರೆ ಸಾಕು. ಆಗ ಹರಿತವಾದ ಚೂರಿಯಿಂದ ಕಾಗದದಷ್ಟು ತೆಳ್ಳಗೆ ಹೆಚ್ಚಲು ಬರುತ್ತದೆ.

ಮಾಂಸದಲ್ಲಿ ನಾರು ಯಾವ ಕಡೆಗೆ ಓಡಿದೆ ಎಂದು ನೋಡಿ. ಚೂರಿ ಅದಕ್ಕೆ ಅಡ್ಡವಾಗಿ ಹೋಗಬೇಕು. ಉದ್ದುದ್ದ ನಾರು ಚೂರಿಯಲ್ಲೇ ತುಂಡಾದರೆ ಹಲ್ಲಿಗೆ ಕೆಲಸ ಕಡಿಮೆ. ಮಾಂಸ ತೀರಾ ಬಲಿತಿದ್ದರೆ ಹೆಚ್ಚಿದ ಅರ್ಧ ಕಿಲೋಗೆ ಒಂದು ಚಮಚ ಹಸಿ ಪಪ್ಪಾಯಿ ಅರೆದು ಹಚ್ಚಿ ಅರ್ಧ ಗಂಟೆ ಇಡಿ. ಪಪ್ಪಾಯಿಯಲ್ಲಿರುವ ಪಪೇನ್ ಎಂಬ ಕಿಣ್ವ ಮಾಂಸದ ನಾರನ್ನು ಸಡಿಲಿಸುತ್ತದೆ. ರಾತ್ರಿಯಿಡೀ ಇಟ್ಟರೆ ಮುದ್ದೆಯಾದೀತು. ಹಚ್ಚಿದ್ದನ್ನು ಹುರಿಯುವ ಮೊದಲು ಒರೆಸಿ ತೆಗೆಯಿರಿ.

ಹೆಚ್ಚುವಾಗ ಬರುವ ಕೆಂಪು ನೀರು ನೋಡಿ ರಕ್ತ ಎಂದು ಹೇಸುವವರಿದ್ದಾರೆ. ಸರಿಯಾಗಿ ಝಬಹ್ ಮಾಡಿದ ಪ್ರಾಣಿಯ ರಕ್ತ ಹರಿದುಹೋಗಿರುತ್ತದೆ. ಮಾಂಸದೊಳಗಿನ ಮಯೋಗ್ಲೋಬಿನ್ ಎಂಬ ಪ್ರೋಟೀನ್ ನೀರಿನಲ್ಲಿ ಬೆರೆತು ಆ ಬಣ್ಣ ಬರುವುದು. ಅರೆಬೆಂದ ಸ್ಟೇಕ್ ನಮಗೆ ಒಗ್ಗದು ಎನ್ನುವವರಿಗೂ ಇಲ್ಲಿ ತೊಂದರೆ ಇಲ್ಲ. ಇಷ್ಟು ತೆಳ್ಳಗಿನ ಮಾಂಸ ಪೂರ್ತಿ ಬೇಯುತ್ತದೆ.

ಚೀಸ್ ಕೊಳ್ಳುವ ಮೊದಲು

ಮಾಂಸ ಹಲಾಲ್ ಹೌದೋ ಎಂದು ವಿಚಾರಿಸುವ ನಾವು ಚೀಸ್‌ನ ಬಗ್ಗೆ ಕೇಳುವುದಿಲ್ಲ. ಹಾಲನ್ನು ಗಟ್ಟಿ ಮಾಡಲು ರೆನೆಟ್ ಎಂಬ ಕಿಣ್ವ ಹಾಕುತ್ತಾರೆ. ಹಳೆಯ ಪದ್ಧತಿಯಲ್ಲಿ ಅದನ್ನು ತೆಗೆಯುವುದು ಹಾಲು ಕುಡಿಯುವ ಕರುವಿನ ಹೊಟ್ಟೆಯಿಂದ. ಆ ಕರು ಹಲಾಲ್ ಆಗಿ ಕೊಯ್ದದ್ದಲ್ಲದಿದ್ದರೆ? ಹನಫೀ ಮದ್‌ಹಬಿನ ಇಮಾಮ್ ಅಬೂ ಹನೀಫಾರು ಇದರಲ್ಲಿ ಸಡಿಲಿಕೆ ಕೊಟ್ಟಿದ್ದಾರೆ. ಆದರೆ ಬ್ಯಾರಿಗಳಲ್ಲಿ ಹೆಚ್ಚಿನವರು ಅನುಸರಿಸುವ ಶಾಫಿಈ ಮದ್‌ಹಬಿನಲ್ಲಿ ಅದು ನಜಸ್. ಸಂಶಯ ಇದ್ದರೆ ಮಸೀದಿಯ ಖತೀಬರಲ್ಲಿ ಕೇಳಿ.

ನಮ್ಮ ದೇಶದ ಪ್ಯಾಕೆಟುಗಳಲ್ಲಿ ಒಂದು ಅನುಕೂಲ ಇದೆ. ಹಸಿರು ಚುಕ್ಕೆ ಇದ್ದರೆ ಪ್ರಾಣಿಯ ರೆನೆಟ್ ಬಳಸಿಲ್ಲ ಎಂದರ್ಥ. ಅದರ ಬದಲು ಸೂಕ್ಷ್ಮಜೀವಿಗಳಿಂದ ಪಡೆದ ಕಿಣ್ವ ಹಾಕಿರುತ್ತಾರೆ. ಪರದೇಶದಿಂದ ಪೆಟ್ಟಿಗೆಯಲ್ಲಿ ಬಂದ ಚೀಸ್ ಆದರೆ ಹಿಂಬದಿಯ ಸಣ್ಣ ಅಕ್ಷರ ಓದಿ. ಹೊರಗೆ ತಿನ್ನುವಾಗ ಇದನ್ನೆಲ್ಲ ಕೇಳಲು ಸಂಕೋಚ. ಮನೆಯಲ್ಲಿ ಮಾಡುವುದರ ದೊಡ್ಡ ಲಾಭ ಇದೇ: ಬಾಯಿಗೆ ಹೋಗುವುದು ಏನೆಂದು ನಮಗೆ ಗೊತ್ತಿರುತ್ತದೆ.

ಬಿಲ್ಲೆ ಬಿಲ್ಲೆಯಾಗಿ ಸಿಗುವ ಪ್ರೊಸೆಸ್ಡ್ ಚೀಸ್ ನಯವಾಗಿ ಕರಗುತ್ತದೆ. ನೂಲು ಎಳೆಯಬೇಕೆಂದರೆ ಜೊತೆಗೆ ಸ್ವಲ್ಪ ಮೊಝರೆಲ್ಲಾ ತುರಿದು ಹಾಕಿ. ಪನೀರ್ ಬೇಡ, ಅದು ಎಷ್ಟು ಕಾಯಿಸಿದರೂ ಕರಗುವುದಿಲ್ಲ.

ಕಾವಲಿಯ ಮೇಲೆ

ನಾಲ್ಕು ಮಂದಿಗೆ ಬೇಕಾದದ್ದು: ಎಲುಬಿಲ್ಲದ ಮಾಂಸ ಅರ್ಧ ಕಿಲೋ, ದೊಡ್ಡ ನೀರುಳ್ಳಿ ಎರಡು, ಕ್ಯಾಪ್ಸಿಕಂ ಒಂದು, ಚೀಸ್ ಬಿಲ್ಲೆ ಎಂಟು, ಬೇಕರಿಯ ಉದ್ದ ಬನ್ ನಾಲ್ಕು, ಎಣ್ಣೆ, ಸ್ವಲ್ಪ ಬೆಣ್ಣೆ, ಉಪ್ಪು, ಕುಟ್ಟಿದ ಕರಿಮೆಣಸು. ಫಿಲಡೆಲ್ಫಿಯಾದ ಮೂಲ ತಿಂಡಿಯಲ್ಲಿ ಕ್ಯಾಪ್ಸಿಕಂ ಇರಲಿಲ್ಲ. ಗಲ್ಫ್‌ನಲ್ಲಿ ಹಾಕುತ್ತಾರೆ, ನಮ್ಮ ಮಕ್ಕಳಿಗೆ ಅದೇ ಇಷ್ಟ.

ಮೊದಲು ಉದ್ದಕ್ಕೆ ಸೀಳಿದ ನೀರುಳ್ಳಿ, ಕ್ಯಾಪ್ಸಿಕಂ ಹುರಿದು ಬದಿಗಿಡಿ. ಬನ್ನನ್ನು ಪೂರ್ತಿ ಎರಡು ಹೋಳು ಮಾಡದೆ, ಪುಸ್ತಕದ ಹಾಗೆ ಬಿಡಿಸಿ, ಒಳಬದಿಗೆ ಬೆಣ್ಣೆ ಸವರಿ ಕಾಯಿಸಿ. ಹೀಗೆ ಮಾಡಿದರೆ ಮಾಂಸದ ರಸಕ್ಕೆ ಬನ್ ನೆನೆದು ಹರಿಯುವುದಿಲ್ಲ.

ಈಗ ಮಾಂಸ. ನಾನ್‌ಸ್ಟಿಕ್ ಬೇಡ, ದೋಸೆಯ ದಪ್ಪ ಕಬ್ಬಿಣದ ಕಾವಲಿ ಇಡಿ. ಎಣ್ಣೆಯಿಂದ ಸಣ್ಣಗೆ ಹೊಗೆ ಏಳುವವರೆಗೆ ಕಾಯಿರಿ. ಮಾಂಸವನ್ನು ಮೂರು ಪಾಲು ಮಾಡಿ, ಒಂದೊಂದೇ ಪಾಲು ಹರಡಿ ಹಾಕಿ. ನಮ್ಮ ಮೊದಲ ತಪ್ಪು ಇಲ್ಲೇ ಆದದ್ದು. ಎಲ್ಲ ಒಟ್ಟಿಗೆ ಹಾಕಿದರೆ ಕಾವಲಿ ತಣಿಯುತ್ತದೆ, ಮಾಂಸ ನೀರು ಬಿಡುತ್ತದೆ. ನೀರು ಇರುವಷ್ಟು ಹೊತ್ತು ಶಾಖ 100 ಡಿಗ್ರಿ ದಾಟುವುದಿಲ್ಲ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಪರಿಮಳ ಬರಲು ಸುಮಾರು 140 ಡಿಗ್ರಿ ಬೇಕು.

ಹಾಕಿದ ಕೂಡಲೇ ಕೈಯಾಡಿಸಬೇಡಿ. ಒಂದು ನಿಮಿಷ ಬಿಟ್ಟು, ಅಡಿ ಕಂದಾದ ಮೇಲೆ ಮಗುಚಿ. ಇನ್ನೊಂದು ನಿಮಿಷದಲ್ಲಿ ಆಗುತ್ತದೆ. ಉಪ್ಪನ್ನು ಕೊನೆಗೆ ಹಾಕಿ, ಕೈಹಿಡಿದು ಹಾಕಿ. ಚೀಸ್‌ನಲ್ಲೇ ಸಾಕಷ್ಟು ಉಪ್ಪಿದೆ. ಬಿಪಿ ಇರುವ ಹಿರಿಯರಿಗೆ ಬೇರೆ ಉಪ್ಪು ಬೇಡವೇ ಬೇಡ.

ಮೂರೂ ಪಾಲು ಆದ ಮೇಲೆ ನೀರುಳ್ಳಿ ಬೆರೆಸಿ, ಕಾವಲಿಯಲ್ಲೇ ನಾಲ್ಕು ರಾಶಿ ಮಾಡಿ. ಉರಿ ಪೂರ್ತಿ ಸಣ್ಣದು ಮಾಡಿ. ರಾಶಿಗೆ ಎರಡರಂತೆ ಚೀಸ್ ಇಟ್ಟು ಅರ್ಧ ನಿಮಿಷ ಮುಚ್ಚಳ ಮುಚ್ಚಿ. ಜೋರು ಉರಿಯಲ್ಲಿ ಚೀಸ್ ಎಣ್ಣೆ ಬಿಡುತ್ತದೆ. ನಮ್ಮ ಎರಡನೇ ತಪ್ಪು ಅದು. ಕರಗಿದ ಮೇಲೆ ಬನ್ನನ್ನು ಬೋರಲಾಗಿ ರಾಶಿಯ ಮೇಲಿಟ್ಟು, ಅಗಲ ಸಟ್ಟುಗವನ್ನು ಅಡಿಗೆ ತೂರಿಸಿ ಒಮ್ಮೆಲೇ ಮಗುಚಿ. ಕಾಗದದಲ್ಲಿ ಸುತ್ತಿ ಎರಡು ನಿಮಿಷ ಇಟ್ಟರೆ ಬನ್ ಮೆತ್ತಗಾಗಿ ಎಲ್ಲವೂ ಒಂದಾಗುತ್ತದೆ. ಆಮೇಲೆ ತಡ ಮಾಡಬೇಡಿ. ಆರಿದ ಚೀಸ್‌ಗೆ ರುಚಿಯಿಲ್ಲ.

ಆ ಶುಕ್ರವಾರ ಜುಮಾ ಮುಗಿಸಿ ಬಂದ ತಮ್ಮ ಕಾವಲಿಯ ಮುಂದೆ ನಿಂತ. ಉಮ್ಮ ಬಾಗಿಲಲ್ಲಿ ನಿಂತು ಗೊಣಗಿದರು, "ರಜೆಯಲ್ಲೂ ಇವನಿಗೆ ಇದೇ ಕೆಲಸವಾ?" ಅವನು ಉತ್ತರ ಕೊಡಲಿಲ್ಲ. ಮಕ್ಕಳು ಕೈಚಾಚಿದರೂ ಮೊದಲನೆಯದನ್ನು ಕಾಗದದಲ್ಲಿ ಸುತ್ತಿ ಉಮ್ಮನ ಕೈಗೆ ಕೊಟ್ಟ. ಉಮ್ಮ ಬಿಸ್ಮಿ ಹೇಳಿ ಒಂದು ತುಂಡು ಕಚ್ಚಿ, ನಿಧಾನಕ್ಕೆ ಜಗಿದರು. "ಮೆದುವಾಗಿದೆ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಕೇಳಿದರು, "ಇದನ್ನು ದಿನಕ್ಕೆ ಎಷ್ಟು ಮಾಡ್ತೀ ಮೋನೆ? ಅಷ್ಟು ಹೊತ್ತು ಆ ಬೆಂಕಿಯ ಮುಂದೆ ನಿಂತೇ ಇರ್ತೀಯಾ?"

ಇಷ್ಟು ವರ್ಷದಲ್ಲಿ ಅವನ ಕೆಲಸದ ಬಗ್ಗೆ ಮನೆಯಲ್ಲಿ ಯಾರೂ ಹೀಗೆ ಕೇಳಿರಲಿಲ್ಲ. ಬರುವ ರಜೆಯಲ್ಲಿ ನಿಮ್ಮ ಮನೆಯ ಮಕ್ಕಳನ್ನೂ ಒಂದು ದಿನ ಅಡುಗೆ ಕೋಣೆಗೆ ಬಿಡಿ. ಕಾವಲಿ ಮಾತ್ರ ಚೆನ್ನಾಗಿ ಕಾದಿರಲಿ.